ಲಾಗ್ ಟೇಬಲ್ಲೂ ಗುಪ್ತಲಿಪಿಯಾದಾಗ

1945. ಸೋತ ಜರ್ಮನಿಯಲ್ಲಿ ಹಿಟ್ಲರನ ರಾಕೆಟ್ ತಜ್ಞ ಫಾನ್ ಬ್ರೌನ್‌ನನ್ನು ಅಮೆರಿಕದ ಪರವಾಗಿ ವಿಚಾರಿಸಿದವರಲ್ಲಿ ಒಬ್ಬ ಚೀನೀಯನಿದ್ದ, ಗೊತ್ತಾ? ಚಿಯನ್ ಷುಯೆಸೆನ್. ಓದೋಕೆ ಅಂತ 1935ರಲ್ಲಿ ಅಮೆರಿಕಕ್ಕೆ ಹೋದವನು, ಕಾಲ್‌ಟೆಕ್‌ನಲ್ಲಿ ಜೆಟ್ ಪ್ರೊಪಲ್ಷನ್ ಲ್ಯಾಬ್ ಕಟ್ಟಿದವರಲ್ಲಿ ಒಬ್ಬ. ಯುದ್ಧಕಾಲದ ರಹಸ್ಯಗಳೆಲ್ಲ ಅವನ ಕೈಯಲ್ಲೇ ಇದ್ದವು.

1949ರಲ್ಲಿ ಪೌರತ್ವಕ್ಕೆ ಅರ್ಜಿ ಹಾಕಿದ. ಮರುವರ್ಷವೇ ಎಫ್‌ಬಿಐ ಬಾಗಿಲು ತಟ್ಟಿತು. 1930ರ ದಶಕದಲ್ಲಿ ನೀನು ಕಮ್ಯುನಿಸ್ಟ್ ಪಾರ್ಟಿಯ ಸದಸ್ಯನಾಗಿದ್ದೆ ಅನ್ನೋ ಆರೋಪ. ಅವನು ಇಲ್ಲ ಅಂದ. ಸೆಕ್ಯುರಿಟಿ ಕ್ಲಿಯರೆನ್ಸ್ ರದ್ದು! ರಾಕೆಟ್ ಇಂಜಿನಿಯರ್‌ಗೆ ಅದು ಹೋದರೆ ಮೈನ್ ಸ್ವಿಚ್ಚೇ ಆಫ್ ಆದ ಹಾಗೆ.

ಸರಿ, ಊರಿಗೆ ಹೋಗ್ತೀನಿ ಅಂದರೆ ಅದಕ್ಕೂ ಬಿಡಲಿಲ್ಲ. ಲಗೇಜ್ ಜಪ್ತಿ ಮಾಡಿ, ಗುಪ್ತಲಿಪಿ ಸಿಕ್ಕಿತು ಅಂತ ಗುಲ್ಲೆಬ್ಬಿಸಿದರು. ನೋಡಿದರೆ ಲಾಗರಿದಮ್ ಟೇಬಲ್! ಪಿಯುಸಿಯಲ್ಲಿ ನಾವೆಲ್ಲ ಚೀಲದಲ್ಲಿ ಹೊತ್ತು ತಿರುಗಿದ ಅದೇ ಪುಸ್ತಕ. ಎರಡು ವಾರ ಬಂಧನ, ಐದು ವರ್ಷ ಕಣ್ಗಾವಲು.

ಫಾನ್ ಬ್ರೌನ್ ಕಥೆ? ನಾಜಿ ಪಕ್ಷದ ಸದಸ್ಯ, ಎಸ್‌ಎಸ್ ಅಧಿಕಾರಿ. ಅವನ ಫೈಲನ್ನು ಮಾತ್ರ ತಿದ್ದಿ ತೀಡಿ ಚೊಕ್ಕ ಮಾಡಿದರು. 1955ರ ಏಪ್ರಿಲ್‌ನಲ್ಲಿ ಅವನು ಅಮೆರಿಕದ ಪ್ರಜೆಯಾದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಚಿಯನ್‌ನನ್ನು ಹಡಗು ಹತ್ತಿಸಿದರು. ಇದು ತಪಾಸಣೆಯಾ? ನನ್ನ ಪ್ರಕಾರ, ಬೇಕಾದವರಿಗೊಂದು, ಬೇಡವಾದವರಿಗೊಂದು ಲೆಕ್ಕ.

ಇವತ್ತಿಗೂ ಅಲ್ಲಿನ ರಾಕೆಟ್ ಕಂಪನಿಗಳ ಜಾಹೀರಾತು ತೆರೆದರೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದೆಯಾ ಅನ್ನೋ ಪ್ರಶ್ನೆ ಮೊದಲು. ಎಚ್-1ಬಿ ವೀಸಾದಲ್ಲಿರೋ ನಮ್ಮ ಬೆಂಗಳೂರಿನ ಹುಡುಗರು ಅಲ್ಲಿಗೇ ವಾಪಸ್.

ಚಿಯನ್ ಚೀನಾದ ಕ್ಷಿಪಣಿ ಕಾರ್ಯಕ್ರಮವನ್ನೇ ಕಟ್ಟಿ ನಿಲ್ಲಿಸಿದ. 1970ರಲ್ಲಿ ಚೀನಾದ ಮೊದಲ ಉಪಗ್ರಹ ಹಾರಿತು. 2009ರಲ್ಲಿ ತೀರಿಕೊಳ್ಳುವವರೆಗೂ ಅವನು ಅಮೆರಿಕಕ್ಕೆ ಮತ್ತೆ ಕಾಲಿಡಲಿಲ್ಲ.