ಚಾಕ್‌ಪೀಸ್ ಏರಿದ ಬಣ್ಣಗಳು

ಒಂಬತ್ತನೆಯ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಚಾಕ್‌ಪೀಸಿನ ಬುಡಕ್ಕಿಂತ ಸ್ವಲ್ಪ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಗೆರೆ ಸುತ್ತಿ, ತಟ್ಟೆಯ ನೀರಿನಲ್ಲಿ ನಿಲ್ಲಿಸಿದರು. ನೀರು ಏರಿದಂತೆ ಕಪ್ಪು ಒಡೆದು ನೀಲಿ, ಕೆಂಪು, ಹಳದಿ ಪಟ್ಟಿಗಳಾದವು. ಹಿಂದಿನ ಬೆಂಚಿನಿಂದ ನಾನು, "ಸಾರ್, ಬಣ್ಣ ಚಾಕ್‌ಪೀಸ್‌ನಲ್ಲೇ ಇತ್ತೇನೋ" ಎಂದೆ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಶಾಯಿ ಹಚ್ಚದ ಇನ್ನೊಂದು ಚಾಕ್‌ಪೀಸನ್ನು ಪಕ್ಕದಲ್ಲಿ ನಿಲ್ಲಿಸಿದರು. ಅದು ಬೆಳ್ಳಗೇ ಉಳಿಯಿತು.

ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳ ಮೇಲೆ ಈ ಪ್ರಯೋಗದ ಚರಿತ್ರೆ ಓದಿದೆ. ನನ್ನಂಥದೇ ಒಂದು ಅನುಮಾನ ಒಂದು ದೊಡ್ಡ ಶೋಧವನ್ನು ಇಪ್ಪತ್ತೈದು ವರ್ಷ ಮೂಲೆಗೆ ತಳ್ಳಿತ್ತು.

ಶೋಧಿಸಿದವರು ರಷ್ಯಾದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ತ್ಸ್ವೆತ್. ರಷ್ಯನ್ ಭಾಷೆಯಲ್ಲಿ 'ತ್ಸ್ವೆತ್' ಎಂದರೆ ಬಣ್ಣವಂತೆ! ವಾರ್ಸಾದಲ್ಲಿದ್ದಾಗ ಅವರು ಗಾಜಿನ ಕೊಳವೆಗೆ ಕ್ಯಾಲ್ಸಿಯಂ ಕಾರ್ಬೊನೇಟಿನ ನುಣ್ಣನೆಯ ಪುಡಿ ತುಂಬಿ, ಎಲೆಯಿಂದ ತೆಗೆದ ಹಸಿರು ದ್ರಾವಣವನ್ನು ಮೇಲಿನಿಂದ ಸುರಿದು, ಹಿಂದೆಯೇ ದ್ರಾವಕ ಹರಿಸಿದರು. ಪುಡಿಗೆ ಹೆಚ್ಚು ಅಂಟುವ ಬಣ್ಣ ಹಿಂದುಳಿಯಿತು, ಕಡಿಮೆ ಅಂಟುವುದು ಮುಂದೆ ಜಾರಿತು. ಜಾತ್ರೆಗೆ ಒಟ್ಟಿಗೆ ಹೊರಟರೂ ಪ್ರತಿ ಅಂಗಡಿಯ ಮುಂದೆ ನಿಲ್ಲುವವರು ಹಿಂದೆ ಬೀಳುವುದಿಲ್ಲವೇ, ಹಾಗೆ. ಒಂದೇ ಹಸಿರಿನೊಳಗೆ ಎರಡು ಕ್ಲೋರೊಫಿಲ್‌ಗಳೂ ಹಲವು ಹಳದಿಗಳೂ ಇದ್ದವು. 1903ರಲ್ಲಿ ಈ ವಿಧಾನವನ್ನು ವಿವರಿಸಿದ ತ್ಸ್ವೆತ್, 1906ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಅದಕ್ಕೆ ಕ್ರೊಮ್ಯಾಟೊಗ್ರಫಿ ಎಂದು ಹೆಸರಿಟ್ಟರು.

ರಸಾಯನ ಪಂಡಿತರು ನಂಬಲಿಲ್ಲ. ಸಸ್ಯವರ್ಣಗಳ ಅಧ್ಯಯನಕ್ಕೆ 1915ರ ನೊಬೆಲ್ ಪಡೆದ ರಿಚರ್ಡ್ ವಿಲ್‌ಸ್ಟೆಟರ್ ಅವರಿಗೆ, ಪುಡಿಯೇ ಬಣ್ಣಗಳನ್ನು ಮಾರ್ಪಡಿಸುತ್ತಿರಬಹುದೆಂಬ ಶಂಕೆ. ಶಂಕೆ ತಪ್ಪಲ್ಲ; ಅದನ್ನು ಅಲ್ಲಿಗೇ ಬಿಟ್ಟದ್ದು ತಪ್ಪು ಎಂದು ನನಗನ್ನಿಸುತ್ತದೆ. ತ್ಸ್ವೆತ್ 1919ರಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡರು. 1931ರಲ್ಲಿ ಹೈಡೆಲ್‌ಬರ್ಗಿನಲ್ಲಿ ಅದೇ ವಿಧಾನದಿಂದ ಕ್ಯಾರೊಟಿನನ್ನು ಬೇರ್ಪಡಿಸಿ ಅದಕ್ಕೆ ಮರುಜೀವ ಕೊಟ್ಟ ಇಬ್ಬರಲ್ಲಿ ಒಬ್ಬರಾದ ರಿಚರ್ಡ್ ಕೂನ್, ವಿಲ್‌ಸ್ಟೆಟರ್ ಅವರ ಶಿಷ್ಯರೇ!

ಮುಂದೆ ಪುಡಿಯ ಜಾಗಕ್ಕೆ ಕಾಗದವೂ ಬಂತು. 1952ರಲ್ಲಿ ಮಾರ್ಟಿನ್ ಮತ್ತು ಸಿಂಜ್ ಅವರಿಗೆ ಕ್ರೊಮ್ಯಾಟೊಗ್ರಫಿಗಾಗಿಯೇ ನೊಬೆಲ್ ಸಂದಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ವಿ. ಗಿರಿ ಮತ್ತು ಸಹೋದ್ಯೋಗಿ, ದುಂಡು ಕಾಗದದ ಮೇಲೆ ಅಮೈನೊ ಆಮ್ಲಗಳನ್ನು ಬಳೆಗಳಂತೆ ಬೇರ್ಪಡಿಸುವ ತಮ್ಮ ವಿಧಾನವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಇಂದು ದ್ರಾಕ್ಷಿಯಲ್ಲಿ ಉಳಿದ ಕೀಟನಾಶಕವನ್ನೂ ಮಾತ್ರೆಯ ಶುದ್ಧತೆಯನ್ನೂ ಇದೇ ತತ್ತ್ವದ ಯಂತ್ರಗಳು ಅಳೆಯುತ್ತವೆ. ಆ ಪ್ರಯೋಗಾಲಯಗಳಲ್ಲಿ ಮಾದರಿಯ ಜೊತೆಗೆ, ಏನೂ ಬೆರೆಸದ ಬರೀ ದ್ರಾವಕವನ್ನೂ ಒಮ್ಮೆ ಹರಿಸಿ ನೋಡುತ್ತಾರೆ. ಅದಕ್ಕೆ 'ಬ್ಲ್ಯಾಂಕ್' ಎನ್ನುತ್ತಾರೆ. ನಮ್ಮ ಮೇಷ್ಟ್ರು ನಿಲ್ಲಿಸಿದ ಎರಡನೆಯ ಚಾಕ್‌ಪೀಸ್ ಅದೇ.