ಪಟ್ಟಿ ಒಂದೆಡೆ, ನೋವು ಮತ್ತೊಂದೆಡೆ: ಮೂತ್ರಸೋರಿಕೆಯ ಜಾಲರಿ ಮತ್ತು ಕೊಪ್ಪಳ ಸೀಮೆ

ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡ ಎತ್ತಿದಾಗ ಮೂತ್ರ ಸೋರುವ ತೊಂದರೆಗೆ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಪೀಟರ್ ಪೆಟ್ರೋಸ್ 1990ರ ದಶಕದಲ್ಲಿ ಹೊಸ ದಾರಿ ತೋರಿದರು. ಮೂತ್ರವಿಸರ್ಜನಾ ನಾಳದ ಕೆಳಗೆ ಪಾಲಿಪ್ರೊಪಿಲೀನ್ ಜಾಲರಿಯ ಸಣ್ಣ ಪಟ್ಟಿ ಇರಿಸುವುದೇ ಆ ವಿಧಾನ. ಬಹುಪಾಲು ಮಹಿಳೆಯರಿಗೆ ಇದರಿಂದ ನೆಮ್ಮದಿ ಸಿಕ್ಕಿದೆ.

ಪಟ್ಟಿ ಯೋನಿಯ ಗೋಡೆ ಕೊರೆದು ಹೊರಗೆ ಕಾಣಿಸಿದರೆ ವೈದ್ಯರಿಗೆ ಬೇಗ ತಿಳಿಯುತ್ತದೆ. ದಾರಿ ತಪ್ಪಿಸುವುದು ಅಪರೂಪದ ತೊಡಕುಗಳು. ಮೂತ್ರಕೋಶದೊಳಗೆ ತೂರಿದ ಎಳೆಯ ಮೇಲೆ ಲವಣ ಕೂತು ವರ್ಷಗಳ ನಂತರ ಕಲ್ಲಾಗುತ್ತದೆ; ಕಲ್ಲು ಒಡೆದು ಎಳೆ ಬಿಟ್ಟರೆ ಮತ್ತೆ ಕಲ್ಲು. ಎಮ್ಯಾನುಯೆಲ್ ಡೆಲೋರ್ಮ್ 2001ರಲ್ಲಿ ವಿವರಿಸಿದ ವಿಧಾನದಲ್ಲಿ ಪಟ್ಟಿಯ ತುದಿಗಳು ಹೊಟ್ಟೆಯ ಕಡೆಗಲ್ಲ, ತೊಡೆಯ ಬುಡದತ್ತ ಸಾಗುತ್ತವೆ. ಅಲ್ಲಿ ಸೋಂಕಾದರೆ ತೊಡೆಯಲ್ಲಿ ಕೀವುಗಟ್ಟುತ್ತದೆ, ನಡಿಗೆ ಕುಂಟುತ್ತದೆ. ಹೆಣಿಗೆಯ ರಂಧ್ರ 75 ಮೈಕ್ರಾನ್‌ಗಿಂತ ಕಿರಿದಾದರೆ ಬ್ಯಾಕ್ಟೀರಿಯಾ ನುಸುಳುತ್ತವೆ, ಅವನ್ನು ನುಂಗುವ ರಕ್ಷಕ ಕೋಶಗಳು ಒಳಹೋಗಲಾರವು. ಒತ್ತಾದ ರಚನೆಯ 'ಆಬ್‌ಟೇಪ್' ಪಟ್ಟಿ ಇಂಥ ಕೀವಿಗೇ ಹೆಸರಾಗಿ 2006ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು.

ಕೊಪ್ಪಳದ ಮಟ್ಟಿಗೆ ಇದು ದೂರದ ಮಾತಲ್ಲ. ಗಂಗಾವತಿಯ ಕಾಲುವೆ ನೀರಿನ ಗದ್ದೆಯಲ್ಲಿ ಬಾಗಿ ಭತ್ತ ನಾಟಿ ಮಾಡುವ ಹೆಂಗಸಿಗೆ ತೊಡೆ ನೋವು ಬಂದರೆ, ಮನೆಯವರೂ ಅವಳೂ ಅದನ್ನು ದುಡಿಮೆಯ ಲೆಕ್ಕಕ್ಕೆ ಸೇರಿಸುವುದು ಸಹಜ. ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಆಶಾ ಜಾರ್ಜ್ ಇದೇ ಜಿಲ್ಲೆಯ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಚಿಕಿತ್ಸೆ ಯಾರಿಗೆ ದಕ್ಕುತ್ತದೆ ಎಂಬುದರಲ್ಲಿ ಲಿಂಗ ಮತ್ತು ವರ್ಗದ ತಾರತಮ್ಯ ಎಷ್ಟು ಆಳವಾಗಿದೆಯೆಂದು ತೋರಿಸಿತು. ಹುಬ್ಬಳ್ಳಿಯಲ್ಲೋ ಬಳ್ಳಾರಿಯಲ್ಲೋ ಆಪರೇಷನ್ ಆದವಳು ಕುಷ್ಟಗಿ, ಯಲಬುರ್ಗಾದ ತಾಲೂಕು ಆಸ್ಪತ್ರೆಗೆ ಬಂದಾಗ ಜಾಲರಿಯ ಸುದ್ದಿಯೇ ಏಳದಿರಬಹುದು.

ಇಂಗ್ಲೆಂಡ್ 2018ರಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ತಡೆಹಿಡಿಯಿತು. ಮಹಿಳೆಯರ ದೂರಿಗೆ ಕಿವಿಗೊಡಲಿಲ್ಲವೆಂದು ಅಲ್ಲಿನ 2020ರ ಕಂಬರ್ಲೆಜ್ ತನಿಖಾ ವರದಿ ನೇರವಾಗಿ ಹೇಳಿತು. ದೇಹದಲ್ಲಿ ಅಳವಡಿಸಿದ ಸಾಧನಗಳ ದಾಖಲೆ ಬೇಕೆಂದೂ ಒತ್ತಾಯಿಸಿತು. (ಅಮೆರಿಕ 2019ರಲ್ಲಿ ನಿಲ್ಲಿಸಿದ್ದು ಅಂಗಜಾರಿಕೆಗೆ ಯೋನಿಯ ಮೂಲಕ ಇಡುವ ಜಾಲರಿಯ ಮಾರಾಟವನ್ನು, ಸೋರಿಕೆಯ ಪಟ್ಟಿಯನ್ನಲ್ಲ, ಎರಡನ್ನೂ ಬೆರೆಸುವುದು ತಪ್ಪು.) ಭಾರತದಲ್ಲೂ ವೈದ್ಯಕೀಯ ಸಾಧನಗಳ ದುಷ್ಪರಿಣಾಮ ವರದಿ ಮಾಡುವ ವ್ಯವಸ್ಥೆ 2015ರಿಂದ ಇದೆ. ಅದಕ್ಕೆ ಜೀವ ಬರಬೇಕಾದರೆ ಡಿಸ್ಚಾರ್ಜ್ ಚೀಟಿಯಲ್ಲಿ ಪಟ್ಟಿಯ ಹೆಸರು, ಬ್ಯಾಚ್ ಸಂಖ್ಯೆ, ಸಾಗಿದ ದಾರಿ ಮೂರೂ ಇರಬೇಕು. ಪಟ್ಟಿ ಹೊಟ್ಟೆಯ ಕಡೆಗೆ ಹೋಗಿದ್ದರೆ ಮೊದಲು ದುರ್ಬೀನಿನಿಂದ ಮೂತ್ರಕೋಶ ನೋಡಬೇಕು. ತೊಡೆಯ ಕಡೆಗಿದ್ದರೆ ಕೀವು ತೆಗೆದಷ್ಟಕ್ಕೆ ಸುಮ್ಮನಾಗದೆ, ಸೋಂಕು ತಗುಲಿದ ಪಟ್ಟಿಯನ್ನೂ ಹುಡುಕಿ ತೆಗೆಯಬೇಕು.