ದೇವನಹಳ್ಳಿ ರೈಲು ನಿಲ್ದಾಣ

ಕುಂದಾಣಕ್ಕೆ ಹತ್ತಿರದ ಈ ನಿಲ್ದಾಣ 1915ರಲ್ಲಿ ಆರಂಭವಾದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆಯದು. ಮೈಸೂರು ಸಂಸ್ಥಾನದ ಕಾಲದ ಈ ಹಾದಿ ಯಲಹಂಕ, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳನ್ನು ಹಾದು ಚಿಕ್ಕಬಳ್ಳಾಪುರ ಮುಟ್ಟುತ್ತಿತ್ತು. ಖರ್ಚು ಹಿಡಿತದಲ್ಲಿರಲೆಂದೇ ಇಂಥ ಹಾದಿಗಳಿಗೆ ಕಿರು ಹಳಿ, ಹಗುರ ಗಾಡಿ, ಪುಟ್ಟ ನಿಲ್ದಾಣ.

ಎದುರಿನ ಹಳಿಗಳ ನಡುವಿನ ಅಂತರವನ್ನು ಗಮನಿಸಿ: 1,676 ಮಿ.ಮೀ., ಅಂದರೆ ಬ್ರಾಡ್‌ಗೇಜ್. ಈ ಹಾದಿಯ ಹಳೆಯ ಕಿರು ಹಳಿ, ಅಂದರೆ ನ್ಯಾರೋಗೇಜ್, ಕೇವಲ 762 ಮಿ.ಮೀ., ಇದರ ಅರ್ಧಕ್ಕೂ ಕಡಿಮೆ! ಯಲಹಂಕ–ಚಿಕ್ಕಬಳ್ಳಾಪುರ ಭಾಗ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ.

ಇಂಥ ಒಂಟಿ ಹಳಿಯ ಹಾದಿಯ ಮುಖ್ಯ ನಿಯಮ ಸರಳ, ಆದರೆ ಕಟ್ಟುನಿಟ್ಟು. ಮುಂದಿನ ನಿಲ್ದಾಣದ ಮಾಸ್ಟರ್ ‘ಲೈನ್ ಕ್ಲಿಯರ್’ (ಹಾದಿ ತೆರವಿದೆ ಎಂಬ ಒಪ್ಪಿಗೆ) ಕೊಡದೆ ಗಾಡಿ ಹೊರಡುವಂತಿಲ್ಲ. ಎದುರುಬದುರು ಬರುವ ಗಾಡಿಗಳಲ್ಲಿ ಒಂದು, ನಿಲ್ದಾಣದ ಪಕ್ಕದ ಹಳಿಯಲ್ಲಿ ಕಾಯಬೇಕು.

2021ರ ಜನವರಿಯಿಂದ ಇದೇ ಹಾದಿಯಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಕೂಡ ಇದೆ.